ಗುಡ್ಡದ ಫ್ಲಾಟು, ಕೆಳಗಿನ ಸಾಲಿನ ನೀರು (ನೆರೆಮನೆಯವರ ವಾಟ್ಸಾಪ್ ಗುಂಪಿನಲ್ಲಿ)

ಕೆಳಗಿನ ಮನೆ (ಬೆಳಗ್ಗೆ 5.40): ರಾತ್ರಿ ಎರಡು ಗಂಟೆಯಿಂದ ನಿದ್ದೆ ಇಲ್ಲ. ಮತ್ತೆ ಕೆಂಪು ನೀರು ಜಗಲಿ ಹತ್ತಿ ಒಳಗೆ ಬಂತು, ಬಾವಿಗೂ ಇಳಿದಿದೆ. ಅಮ್ಮನನ್ನು ಮಂಚ ಸಮೇತ ಎತ್ತಿ ಹಿಂದಿನ ಕೋಣೆಗೆ ಹಾಕಿದೆವು. ಮನೆಯಿಲ್ಲದವರ ಫ್ಲಾಟಿಗೆಂದು ಜೆಸಿಬಿ ತಂದು ಮೇಲಿನ ಗುಡ್ಡ ಸಮತಟ್ಟು ಮಾಡಿದವರು ನೀರು ಹೋಗಲು ಒಂದು ಕಣಿ ತೆಗೆಯಲಿಲ್ಲ. ಇವತ್ತು ತೀರ್ಮಾನ ಆಗಲೇಬೇಕು!

ಅಂಗಡಿ ಮನೆ: ಆ ಫ್ಲಾಟೇ ಬೇಡ ಅಂತ ನಾನು ಆಗಲೇ ಹೇಳಿದ್ದೆ. ಕೇರಳ ಸರಕಾರದ ಮನೆ ಯೋಜನೆ ಲೈಫ್ ಮಿಷನ್‌ನಲ್ಲಿ ಒಂದು ಮನೆಗೆ 4 ಲಕ್ಷ ಕೊಡ್ತಾರೆ, ಅಲ್ಲಲ್ಲಿ ಚಿಕ್ಕ ಮನೆ ಕಟ್ಟಿಸಬಹುದಿತ್ತು. ಗ್ರಾಮಸಭೆಯಲ್ಲಿ ಕೈ ಎತ್ತಿದವರು ಯಾರು? ಅವರೇ ಉತ್ತರ ಕೊಡಲಿ.

ಟೈಲರ್ ಅಕ್ಕ: ಕೈ ಎತ್ತಿದ್ದು ನಾನೇ ಅಣ್ಣ. 4 ಲಕ್ಷದಲ್ಲಿ ಮನೆ ಕಟ್ಟಲು ಮೊದಲು ಜಾಗ ಬೇಕಲ್ವಾ? ಬೀಡಿ ಕಟ್ಟಿ ಬಾಡಿಗೆ ಕೊಡುವವರು ಐದು ಸೆಂಟ್ಸ್ ಜಾಗ ಎಲ್ಲಿಂದ ತರುವುದು? ಬಾಡಿಗೆ ಉಳಿದರೆ ಮಕ್ಕಳ ಫೀಸಿಗಾಯಿತು, ಮದ್ದಿಗಾಯಿತು. ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಮೂಲೆ ಮನೆ: ಶುಭ ಮುಂಜಾನೆ 🌹 ದಿನಕ್ಕೊಂದು ಲೋಟ ಪುನರ್ಪುಳಿ ಶರಬತ್ತು ಕುಡಿಯಿರಿ. ಹತ್ತು ಜನರಿಗೆ ಕಳುಹಿಸಿ.

ಮಾಸ್ಟ್ರು: 1972ರಲ್ಲಿ ಎಂ.ಎನ್. ಗೋವಿಂದನ್ ನಾಯರ್ ಕೇರಳದಲ್ಲಿ ಸಚಿವರಾಗಿದ್ದಾಗ ಲಕ್ಷಂ ವೀಡು ಬಂತು, ಬಡವರಿಗೆ ಲಕ್ಷ ಮನೆ ಕಟ್ಟುವ ಯೋಜನೆ. ಎರಡು ಮನೆಗೆ ನಡುವೆ ಒಂದೇ ಗೋಡೆ. ಆಗ ಖರ್ಚು ಉಳಿಯಿತು, ಆದರೆ ಆಮೇಲೆ ಒಬ್ಬರು ಕೆಡವಿ ಹೊಸದು ಕಟ್ಟಬೇಕೆಂದರೆ ಪಕ್ಕದವರ ಗೋಡೆ ಏನಾಗಬೇಕು? ಮನೆ ಬೇಕೇ ಬೇಕು. ಕಣಿ, ದಾರಿ, ಬಾವಿ ಇದೆಲ್ಲ ಮೊದಲೇ ಎಸ್ಟಿಮೇಟಿನಲ್ಲಿ ಇರಬೇಕಿತ್ತು.

ಅಂಗಡಿ ಮನೆ: ಹಳೆಯ ಕಥೆ ಬೇಡ ಮಾಸ್ಟ್ರೇ. ಆ ಕಾಲೊನಿಯವರು ಬಂದ ಮೇಲೆ ಇನ್ನೂ ಏನೇನು ನೋಡಬೇಕೋ.

ಟೈಲರ್ ಅಕ್ಕ: ಕಾಲೊನಿ ಅನ್ನಬೇಡಿ. ಪರಿಶಿಷ್ಟರ ವಸತಿಗೆ ಆ ಹೆಸರೇ ಬೇಡ ಅಂತ 2024ರಲ್ಲಿ ಸರಕಾರ ಹೇಳಿದೆ. ಅವರು ಇನ್ನೂ ಬಂದೇ ಇಲ್ಲ, ನೀರು ಹರಿಸಿದ್ದು ಕಂಟ್ರಾಕ್ಟರು.

ಕೆಳಗಿನ ಮನೆ: ಜಗಳ ಸಾಕು. ಹತ್ತು ಗಂಟೆಗೆ ಅಂಗನವಾಡಿ ಹತ್ತಿರ ಸೇರುವ. ಅರ್ಜಿ ಬರೆದು ಎಲ್ಲರೂ ಸೈನ್ ಹಾಕುವ.

ಅಂಗಡಿ ಮನೆ: ಮಲಯಾಳದಲ್ಲಿ ಬರೆಯಿರಿ, ಬೇಗ ಆಗ್ತದೆ.

ಮಾಸ್ಟ್ರು: ಕನ್ನಡದಲ್ಲೇ ಬರೆಯುವ. ಕೇರಳದ 1969ರ ಭಾಷಾ ಕಾನೂನಿನಲ್ಲಿ ಇಲ್ಲಿನ ಕನ್ನಡಿಗರಾದ ನಮಗೆ ಆ ಹಕ್ಕು ಕೊಟ್ಟಿದ್ದಾರೆ. ನಾವೇ ಬಿಟ್ಟರೆ ಇನ್ಯಾರು ಕೇಳುವುದು?

ಅಂಗಡಿ ಮನೆ: ಸುಮ್ನೆ ಹಟ ಬೇಡ. ಆಫೀಸಿನಲ್ಲಿ ಓದುವವರಿಗೆ ಕನ್ನಡ ಬರದಿದ್ದರೆ?

ಮಾಸ್ಟ್ರು: ಬರುವವರನ್ನು ಕೂರಿಸಲಿ. ಮೊದಲು ಅದಕ್ಕೇ ಒಂದು ಅರ್ಜಿ ಹಾಕುವ, ನಾನು ಬರೆಯುತ್ತೇನೆ.

ಮೂಲೆ ಮನೆ: ನಮ್ಮ ಬಾವಿಯೂ ಕೆಂಪಾಗಿದೆ. ಟ್ಯಾಂಕರ್ ತರಿಸಿದರೆ ಮನೆಗೆ ಎಷ್ಟು ಬೀಳಬಹುದು?

ಟೈಲರ್ ಅಕ್ಕ: ನಮಗೂ ಬೇಕು. ಎರಡು ಡ್ರಮ್.

ಅಂಗಡಿ ಮನೆ: ಟ್ಯಾಂಕರಿನವನ ನಂಬರ್ ನನ್ನಲ್ಲಿದೆ. ಬೇಕಾದವರು ಹೆಸರು ಹಾಕಿ.

ಕೆಳಗಿನ ಮನೆ: ನಮಗೆ ಮೂರು. ಹತ್ತು ಗಂಟೆಗೆ ಯಾರೆಲ್ಲ ಬರುತ್ತೀರಿ?

ಮೂಲೆ ಮನೆ: ಟ್ಯಾಂಕರ್ ಹತ್ತಕ್ಕೇ ಬರುವುದಾ?