ಪೋರ್ಚುಗಲ್‌ನ ಲೂಸೋ ಊರು, ಬುಸಾಕೊ ಕಾಡು: ಹೋಗಿ ಬಂದವರು ನಿಮ್ಮ ಅನುಭವ ಹೇಳಿ

ಕೇಳಿದವರು, ಬೆಂಗಳೂರು

ನಮಸ್ಕಾರ. ಅಕ್ಟೋಬರ್‌ನಲ್ಲಿ ಅಮ್ಮನನ್ನು ಕರೆದುಕೊಂಡು ಪೋರ್ಚುಗಲ್‌ಗೆ ಹೋಗುತ್ತಿದ್ದೇನೆ. ಲಿಸ್ಬನ್ ಮತ್ತು ಪೋರ್ಟೊ ನಡುವೆ ಒಂದು ಸಣ್ಣ ಊರಿನಲ್ಲಿ ಉಳಿಯುವ ಆಸೆ. ಲೂಸೋ ಎಂಬ ಚಿಲುಮೆ ನೀರಿನ ಊರು, ಅದರ ಪಕ್ಕದ ಬುಸಾಕೊ ಕಾಡಿನ ಬಗ್ಗೆ ಕೇಳಿದ್ದೇನೆ. ನನಗೆ ನಡೆಯುವುದು, ಹಳೆಯ ಕಟ್ಟಡ ನೋಡುವುದು ಎರಡೂ ಇಷ್ಟ. ಅಮ್ಮನಿಗೆ ಮಂಡಿ ನೋವು. ಇಬ್ಬರೂ ಸಸ್ಯಾಹಾರಿಗಳು. ಅಲ್ಲಿ ರಾತ್ರಿ ಉಳಿಯಬೇಕಾ, ಹತ್ತಿರದ ಕೋಯಿಂಬ್ರಾ ನಗರದಿಂದ ಹೋಗಿ ಬಂದರೆ ಸಾಕಾ? ಯಾವ ಹಾದಿ ಹಿಡಿಯಬೇಕು?

ಕೋಯಿಂಬ್ರಾದಲ್ಲಿ ಓದುತ್ತಿರುವವರು, ಊರು ಧಾರವಾಡ

ಉಳಿಯಿರಿ ಅಕ್ಕ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೋಯಿಂಬ್ರಾದಿಂದ ಬರುವವರಲ್ಲಿ ಜಾಸ್ತಿ ಜನ ನೇರವಾಗಿ ಕಾಡಿನ ನಡುವಿನ ಅರಮನೆ ಮುಂದೆ ಇಳಿದು, ಫೋಟೋ ತೆಗೆದುಕೊಂಡು, ಒಂದು ಗಂಟೆಯಲ್ಲಿ ವಾಪಸ್ ಹೊರಡುತ್ತಾರೆ. ಅರಮನೆ ಚೆಂದವೇ. ಆದರೆ ಕಾಡು ಅದಕ್ಕಿಂತ ಎಷ್ಟೋ ಹಳೆಯದು, ಅದನ್ನು ನಡೆದೇ ನೋಡಬೇಕು.

ಬುಸಾಕೊ ಕಾಡು ಸುಮಾರು 105 ಹೆಕ್ಟೇರ್. ಸುತ್ತಲೂ ಕಲ್ಲಿನ ಗೋಡೆ, ಅಲ್ಲಲ್ಲಿ ಬಾಗಿಲುಗಳು. 1628ರಲ್ಲಿ ಬರಿಗಾಲಿನ ಕಾರ್ಮೆಲ್ ಎಂಬ ಕ್ರೈಸ್ತ ಪಂಥದ ಸನ್ಯಾಸಿಗಳು ಇಲ್ಲಿ ಮಠ ಕಟ್ಟಲು ಶುರು ಮಾಡಿದರು. ಜನರಿಂದ ದೂರ ಇರಬೇಕು ಅಂತಲೇ ಗೋಡೆ ಎಬ್ಬಿಸಿ, ಒಳಗೆ ಮರ ನೆಟ್ಟರು. ಈ ಕಾಡಿನಲ್ಲಿ ಮರ ಕಡಿದವರನ್ನು ಧರ್ಮದಿಂದಲೇ ಹೊರಗೆ ಹಾಕುವುದಾಗಿ 1643ರಲ್ಲಿ ಪೋಪ್ ಎಂಟನೇ ಅರ್ಬನ್ ಆದೇಶ ಕೊಟ್ಟರು. ಅದರ ಕಲ್ಬರಹ ಕೋಯಿಂಬ್ರಾ ಬಾಗಿಲಿನ ಹತ್ತಿರ ಈಗಲೂ ಇದೆ. ಪಕ್ಕದಲ್ಲೇ ಇನ್ನೊಂದು ಕಲ್ಲು, ಹೆಂಗಸರು ಒಳಗೆ ಬರಬಾರದು ಎಂಬ ಅದಕ್ಕೂ ಹಿಂದಿನ ಆದೇಶದ್ದು. ಎರಡನ್ನೂ ನೋಡಿ. ಮರಗಳನ್ನು ಅಷ್ಟು ಜೋಪಾನ ಮಾಡಿದವರು ಅರ್ಧ ಜನರನ್ನು ಹೊರಗೇ ನಿಲ್ಲಿಸಿದ್ದರು ಎನ್ನುವುದು ಅಲ್ಲಿ ನಿಂತಾಗ ಮನಸ್ಸಿಗೆ ತಟ್ಟುತ್ತದೆ.

ಈಗ ಹಾದಿ. ಲೂಸೋ ಪೇಟೆಯ ನಡುವೆ ಸಾವೊ ಜೊಆವೊ ಚಿಲುಮೆ ಇದೆ. ಸಾಲಾಗಿ ಹಾಕಿದ ನಳಿಗೆಗಳಿಂದ ನೀರು ಸದಾ ಬರುತ್ತಿರುತ್ತದೆ. ಸುತ್ತಲಿನ ಊರಿನವರು ಕ್ಯಾನ್ ತಂದು ತುಂಬಿಸಿಕೊಂಡು ಹೋಗುತ್ತಾರೆ, ದುಡ್ಡಿಲ್ಲ. ನೀವೂ ಬಾಟಲಿ ತುಂಬಿಸಿಕೊಂಡು ಮೇಲಕ್ಕೆ ಹೊರಡಿ. ಅಮೆಯಾಸ್ ಬಾಗಿಲಿನಿಂದ ಕಾಡಿನ ಒಳಗೆ ಹೋದರೆ ಮೊದಲು ಜರೀಗಿಡಗಳ ಕಣಿವೆ, ಆಮೇಲೆ ಒಂದು ಕೊಳ, ಅಲ್ಲಿಂದ ಫೊಂತೆ ಫ್ರೀಯ ಎಂಬ ತಣ್ಣೀರಿನ ಚಿಲುಮೆ. ಮೆಟ್ಟಿಲುಗಳ ನಡುವೆ ನೀರು ಹಂತಹಂತವಾಗಿ ಇಳಿಯುತ್ತದೆ. 144 ಮೆಟ್ಟಿಲು. ಹತ್ತಿ ಮೇಲೆ ಹೋದರೆ ಅರಮನೆ, ಮಠ. ಲೂಸೋದಿಂದ ಅರಮನೆಗೆ ಒಟ್ಟು ಸುಮಾರು ಎರಡು ಕಿಲೋಮೀಟರ್, ಅಷ್ಟೂ ಏರುದಾರಿ.

ಅಲ್ಲಿಗೇ ನಿಲ್ಲಬೇಡಿ. ಮಠದ ಹತ್ತಿರದಿಂದ ಶಿಲುಬೆಯ ಹಾದಿ ಮೇಲಕ್ಕೆ ಹೋಗುತ್ತದೆ. ದಾರಿಯುದ್ದಕ್ಕೂ ಸಣ್ಣ ಸಣ್ಣ ಗುಡಿಗಳು. ಒಳಗೆ ಏಸುವಿನ ಕೊನೆಯ ದಿನದ ದೃಶ್ಯಗಳನ್ನು ಆಳೆತ್ತರದ ಮಣ್ಣಿನ ಮೂರ್ತಿಗಳಲ್ಲಿ ಮಾಡಿಟ್ಟಿದ್ದಾರೆ. ಕಂಬಿ ಬಾಗಿಲಿನ ಸಂದಿಯಿಂದ ನೋಡಬೇಕು, ಒಳಗೆ ಕತ್ತಲೆ, ಮೊಬೈಲ್ ಟಾರ್ಚ್ ಇರಲಿ. ಗುಡಿಗಳು ಮುಗಿದ ಮೇಲೂ ಏರುತ್ತಾ ಹೋದರೆ ಕ್ರೂಸ್ ಆಲ್ತ. ಬೆಟ್ಟದ ಮೇಲಿನ ದೊಡ್ಡ ಶಿಲುಬೆ, ಸುಮಾರು 550 ಮೀಟರ್ ಎತ್ತರ. ಮೋಡ ಇಲ್ಲದಿದ್ದರೆ ಪಶ್ಚಿಮಕ್ಕೆ ಅಟ್ಲಾಂಟಿಕ್ ತನಕ ಕಾಣುತ್ತದೆ. ನನ್ನ ಮಟ್ಟಿಗೆ ಇಡೀ ಜಾಗದಲ್ಲಿ ಇದೇ ಒಳ್ಳೆಯ ನಡಿಗೆ.

ಲಂಡನ್‌ನಿಂದ, ಅಪ್ಪ ಅಮ್ಮನ ಜೊತೆ ಹೋಗಿದ್ದವರು

ಮೇಲಿನವರು ಹೇಳಿದ್ದು ನಿಮಗೆ ಸರಿ, ಅಮ್ಮನಿಗೆ ಬೇಡ. ಮಂಡಿ ನೋವಿಗೆ ಆ 144 ಮೆಟ್ಟಿಲು ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ಕಲ್ಲು ಪಾಚಿ ಹಿಡಿದಿರುತ್ತದೆ. ಅಕ್ಟೋಬರ್ ಅಂದರೆ ಮಳೆ ಶುರುವಾಗುವ ಕಾಲ, ಮೇಲೆ ಎಲೆ ಬೇರೆ ಬಿದ್ದಿರುತ್ತದೆ. ಹಿಡಿತ ಇರುವ ಬೂಟು ಇಬ್ಬರಿಗೂ ಬೇಕೇ ಬೇಕು.

ನಾವು ಹೀಗೆ ಮಾಡಿದೆವು. ಅಪ್ಪ ಅಮ್ಮ ಲೂಸೋದಿಂದ ಟ್ಯಾಕ್ಸಿಯಲ್ಲಿ ಅರಮನೆಗೆ ಬಂದರು, ನಾನು ನಡೆದು ಹೋದೆ. ಅಲ್ಲಿ ಸೇರಿಕೊಂಡು ಮಠ ನೋಡಿ, ತೋಟದಲ್ಲಿ ಕೂತು, ನಿಧಾನವಾಗಿ ಕೋಯಿಂಬ್ರಾ ಬಾಗಿಲಿನ ತನಕ ಹೋದೆವು. ಅದು ಅರಮನೆಯಿಂದ ಸ್ವಲ್ಪವೇ ದೂರ, ಕಾಡಿನ ಹೊರಗಿನ ಬಯಲು ಪೂರ್ತಿ ಕಾಣುತ್ತದೆ. ಕ್ರೂಸ್ ಆಲ್ತಕ್ಕೂ ಕಾರು ಹೋಗುವ ರಸ್ತೆ ಇದೆ, ಹಾಗಾಗಿ ಅಮ್ಮನಿಗೆ ಆ ನೋಟ ತಪ್ಪುವುದಿಲ್ಲ. ಕಾರು ಒಳಗೆ ತಂದರೆ ಬಾಗಿಲಲ್ಲಿ ಶುಲ್ಕ ಕೊಡಬೇಕು. ನಡೆದು ಬರುವವರಿಗೆ ನಾವು ಹೋದಾಗ ಶುಲ್ಕ ಇರಲಿಲ್ಲ.

ಮಠ ಅಂದಾಗ ದೊಡ್ಡ ಕಟ್ಟಡ ಅಂದುಕೊಳ್ಳಬೇಡಿ. ಅರಮನೆ ಕಟ್ಟಲು ಮಠದ ಬಹುಪಾಲನ್ನು ಕೆಡವಿದರು. ಚರ್ಚು, ಅಂಗಳ, ಕೆಲವು ಕೋಣೆಗಳು ಮಾತ್ರ ಉಳಿದಿವೆ. ಅಷ್ಟಾದರೂ ಬಿಡಬೇಡಿ. ಗೋಡೆಗಳ ಮೇಲೆ ಕಪ್ಪು ಬಿಳಿ ಕಲ್ಲುಚೂರುಗಳನ್ನು ಒತ್ತಿ ಚಿತ್ತಾರ ಮಾಡಿದ್ದಾರೆ. ಬಾಗಿಲುಗಳಿಗೆ ಕಾರ್ಕ್ ಮರದ ತೊಗಟೆ ಹೊಡೆದಿದ್ದಾರೆ. ಚಳಿ ಮತ್ತು ಸದ್ದು ಎರಡನ್ನೂ ತಡೆಯಲು ಅವರ ಹತ್ತಿರ ಇದ್ದದ್ದು ಅದೇ. ನಮ್ಮ ಅಮ್ಮನಿಗೆ ಅರಮನೆಗಿಂತ ಈ ಬಾಗಿಲುಗಳೇ ಇಷ್ಟವಾದವು, ಕೈಯಿಟ್ಟು ಮುಟ್ಟಿ ನೋಡಿದರು.

ಲೂಸೋದಲ್ಲೇ ಚಿಕಿತ್ಸಾ ಸ್ನಾನದ ಮನೆ ಇದೆ, ಸುಮ್ನೆ ಒಂದು ಹೊತ್ತು ಮೈಗೆ ಹಿತವಾಗಲಿ ಅಂತ ಹೋಗುವವರಿಗೂ ವ್ಯವಸ್ಥೆ ಉಂಟು. ನೀರಿನ ಚಿಕಿತ್ಸೆ ಅಂತಲೇ ಮಾಡಿಸಿಕೊಳ್ಳುವುದಾದರೆ ಅಲ್ಲಿನ ವೈದ್ಯರನ್ನು ಮೊದಲು ಕಾಣಬೇಕು. ಅಮ್ಮನಿಗೆ ಬಿಪಿ, ಸಕ್ಕರೆ ಇದ್ದರೆ ಔಷಧಿಗಳ ಪಟ್ಟಿ ಇಟ್ಟುಕೊಳ್ಳಿ.

ಮಂಡ್ಯದಿಂದ, ಇತಿಹಾಸ ಪಾಠ ಮಾಡುವವರು

ಮೇಡಂ, ನೀವು ಕರ್ನಾಟಕದಿಂದ ಹೋಗುತ್ತಿದ್ದೀರಿ ಅಂದಮೇಲೆ ಈ ಬೆಟ್ಟದ ಯುದ್ಧದ ಕಥೆ ಗೊತ್ತಿರಲೇಬೇಕು. 1810ರ ಸೆಪ್ಟೆಂಬರ್ 27ರಂದು ಇಲ್ಲಿ ನೆಪೋಲಿಯನ್ನನ ಸೇನೆಗೂ ಬ್ರಿಟಿಷ್ ಮತ್ತು ಪೋರ್ಚುಗೀಸ್ ಸೇನೆಗೂ ಯುದ್ಧ ಆಯಿತು. ಫ್ರೆಂಚರ ಕಡೆ ಮಾರ್ಷಲ್ ಮಸ್ಸೆನಾ, ಈ ಕಡೆ ವೆಲಿಂಗ್ಟನ್. ಈ ವೆಲಿಂಗ್ಟನ್ ಬೇರೆ ಯಾರೂ ಅಲ್ಲ, ನಮ್ಮ ಶ್ರೀರಂಗಪಟ್ಟಣದ ಆರ್ಥರ್ ವೆಲ್ಲೆಸ್ಲಿ. 1799ರ ಏಪ್ರಿಲ್‌ನಲ್ಲಿ ಸುಲ್ತಾನ್‌ಪೇಟೆಯ ತೋಪಿನೊಳಗೆ ರಾತ್ರಿ ಹೊತ್ತು ನುಗ್ಗಿ, ಟಿಪ್ಪುವಿನ ಸೈನಿಕರಿಂದ ಏಟು ತಿಂದು, ಕತ್ತಲಲ್ಲಿ ದಾರಿ ತಪ್ಪಿ ಹಿಂದೆ ಸರಿದವನು ಇವನೇ. ಪಟ್ಟಣ ಬಿದ್ದ ಮೇಲೆ ಅಲ್ಲಿನ ಅಧಿಕಾರ ವಹಿಸಿಕೊಂಡು ದರಿಯಾ ದೌಲತ್‌ನಲ್ಲಿ ವಾಸ ಮಾಡಿದವನೂ ಇವನೇ. 1800ರಲ್ಲಿ ಬ್ರಿಟಿಷರ ವಿರುದ್ಧ ದಂಡು ಕಟ್ಟಿದ್ದ ಧೋಂಡಿಯಾ ವಾಘನನ್ನು ಬೆನ್ನಟ್ಟಿ ಮುಗಿಸಿದ್ದೂ ಇವನ ಸೇನೆ.

ನೋಡದ ನೆಲದ ಮೇಲೆ ಕತ್ತಲಲ್ಲಿ ದಾಳಿ ಮಾಡಬಾರದು ಅಂತ ಆ ತೋಪಿನ ಸೋಲಿನ ನಂತರ ತಾನೇ ಬರೆದುಕೊಂಡವನು ಅವನು. ಬುಸಾಕೊದಲ್ಲಿ ನೆಲವನ್ನು ಅವನು ಎಷ್ಟು ಚೆನ್ನಾಗಿ ಓದಿದ್ದ ಅನ್ನುವುದು ಬೆಟ್ಟದ ಸಾಲಿನ ಮೇಲೆ ನಡೆದರೆ ತಿಳಿಯುತ್ತದೆ. ಸೈನಿಕರನ್ನು ಸಾಲಿನ ಹಿಂಬದಿಯ ಇಳಿಜಾರಿನಲ್ಲಿ ಅಡಗಿಸಿಟ್ಟ. ಕೆಳಗಿನಿಂದ ನೋಡುವವರಿಗೆ ಎಷ್ಟು ಜನ ಇದ್ದಾರೆ ಅಂತಲೇ ಗೊತ್ತಾಗದು. ಬೆಟ್ಟದ ನೆತ್ತಿಯ ಉದ್ದಕ್ಕೂ ದಾರಿ ಮಾಡಿಸಿದ್ದರಿಂದ ಬೇಕಾದ ಕಡೆಗೆ ಬೇಗ ಜನ ಕಳಿಸಬಹುದಾಗಿತ್ತು. ಫ್ರೆಂಚರು ಬೆಳಗಿನ ಮಂಜಿನಲ್ಲಿ ಆ ಕಡಿದಾದ ಇಳಿಜಾರು ಹತ್ತಿ ಬಂದರು. ಸುಮಾರು 4,500 ಜನ ಸತ್ತರು ಅಥವಾ ಗಾಯಗೊಂಡರು. ಈ ಕಡೆ ಸುಮಾರು 1,250. ಈ ಕಡೆಯವರಲ್ಲಿ ಅರ್ಧದಷ್ಟು ಜನ ಪೋರ್ಚುಗೀಸರು. ಇಂಗ್ಲಿಷ್ ಪುಸ್ತಕಗಳು ಅವರನ್ನು ಪಕ್ಕಕ್ಕೆ ಸರಿಸಿಬಿಡುತ್ತವೆ, ಅದು ನ್ಯಾಯವಲ್ಲ.

ಗೆದ್ದರೂ ವೆಲಿಂಗ್ಟನ್ ಅಲ್ಲಿ ನಿಲ್ಲಲಿಲ್ಲ. ಮಸ್ಸೆನಾ ಉತ್ತರದ ಕಣಿವೆ ದಾರಿಯಿಂದ ಬಳಸಿ ಬಂದ. ಇವನು ಲಿಸ್ಬನ್ ಹತ್ತಿರದ ಟೊರೆಸ್ ವೆಡ್ರಾಸ್ ಕೋಟೆ ಸಾಲಿನ ತನಕ ಹಿಂದೆ ಸರಿದ.

ಏನೇನು ನೋಡಬೇಕು ಅಂದರೆ: ಮಠದಲ್ಲಿ ವೆಲಿಂಗ್ಟನ್ ತಂಗಿದ್ದ ಕೋಣೆ. ಅವನು ಕುದುರೆ ಕಟ್ಟಿದ ಎಂದು ತೋರಿಸುವ ಆಲಿವ್ ಮರ. ಕಾಡಿನ ಗೋಡೆಯ ಹೊರಗೆ, ರಾಣಿ ಬಾಗಿಲಿನ ಹತ್ತಿರ, ಯುದ್ಧದ ನೂರನೇ ವರ್ಷ 1910ರಲ್ಲಿ ತೆರೆದ ಸೇನಾ ವಸ್ತುಸಂಗ್ರಹಾಲಯ. ಅದಕ್ಕೆ ಅಂಟಿಕೊಂಡ ಸಣ್ಣ ಚರ್ಚಿನಲ್ಲಿ ಸನ್ಯಾಸಿಗಳು ಎರಡೂ ಕಡೆಯ ಗಾಯಾಳುಗಳಿಗೆ ಆರೈಕೆ ಮಾಡಿದರು. ಸ್ವಲ್ಪ ಮುಂದೆ 1873ರ ಸ್ಮಾರಕ ಕಂಬ. ಇನ್ನೂ ನಡೆಯುವ ಶಕ್ತಿ ಇದ್ದರೆ ಸೂಲ ಹಳ್ಳಿಯ ಗಾಳಿಗಿರಣಿ. ಕ್ರಾಫರ್ಡ್ ಎಂಬ ದಳಪತಿ ಅಲ್ಲಿ ನಿಂತು, ಫ್ರೆಂಚರು ತೀರಾ ಹತ್ತಿರ ಬರುವ ತನಕ ತನ್ನ ಜನರನ್ನು ತಗ್ಗಿನಲ್ಲಿ ಕೂರಿಸಿದ್ದ. ಅವನೂ ಕಾರ್ನ್‌ವಾಲಿಸ್ ಕಾಲದಲ್ಲಿ ಟಿಪ್ಪು ವಿರುದ್ಧ ಹೋರಾಡಿದವನೇ. ಎದುರಿನ ಮೌರ ಗಿರಣಿಯಲ್ಲಿ ಮಸ್ಸೆನಾ ಇದ್ದ. ಎರಡನ್ನೂ ನೋಡಿದರೆ ಯುದ್ಧ ನಕ್ಷೆಯೇ ಇಲ್ಲದೆ ಅರ್ಥವಾಗುತ್ತದೆ.

ಶಿರಸಿಯಿಂದ, ಗಿಡಮರಗಳ ಆಸಕ್ತಿ ಇರುವವರು

ಎಲ್ಲರೂ ಯುದ್ಧ, ಅರಮನೆ ಅಂದರು. ನಾನು ಮರಗಳಿಗಾಗಿಯೇ ಹೋದವನು.

ಮಠದ ಸುತ್ತ ಸೀಡರ್ ಎಂದು ಕರೆಯುವ ಎತ್ತರದ ಮರಗಳಿವೆ. ಅವು ಸೀಡರ್ ಅಲ್ಲ, ಸೈಪ್ರಸ್ ಜಾತಿ. ಮೂಲ ಮೆಕ್ಸಿಕೊ ಕಡೆ. ಬಹಳ ಕಾಲ ಯುರೋಪಿನವರು ಇವನ್ನು ಗೋವಾದಿಂದ ತಂದದ್ದು ಅಂದುಕೊಂಡಿದ್ದರು, ಗೋವಾ ಸೀಡರ್ ಎಂಬ ಹೆಸರೇ ಬಿದ್ದಿತ್ತು. ನಮ್ಮ ಪಶ್ಚಿಮ ಘಟ್ಟದಲ್ಲಿ ಹುಡುಕಿದರೂ ಇಂಥ ಮರ ಕಾಡಿನಲ್ಲಿ ಸಿಗುವುದಿಲ್ಲ. ಸಂತ ಜೋಸೆಫ್ ಹೆಸರಿನ ಒಂದು ಮರವನ್ನು 1644ರಲ್ಲಿ ನೆಟ್ಟದ್ದು ಎನ್ನುತ್ತಾರೆ. ಅದನ್ನು ಕೇಳಿಕೊಂಡು ಹೋಗಿ ನೋಡಿ.

ಜರೀಗಿಡಗಳ ಕಣಿವೆಯಲ್ಲಿ ಇರುವುದು ಆಸ್ಟ್ರೇಲಿಯಾ ಕಡೆಯ ಮರಜರೀಗಿಡಗಳು, ತಲೆಯ ಮೇಲೆ ಚಪ್ಪರ ಹಾಕಿದ ಹಾಗಿವೆ. ಆದರೆ ನನಗೆ ಮುಖ್ಯ ಅನ್ನಿಸಿದ್ದು ಕ್ರೂಸ್ ಆಲ್ತ ಕಡೆಯ ಇಳಿಜಾರು. ಅಲ್ಲಿ ಆದೆರ್ನು ಎಂಬ ನಾಡಿನ ಮರಗಳ ಹಳೆಯ ಕಾಡು ಉಳಿದಿದೆ. ಬೇರೆ ಕಡೆ ಅದು ಪೊದೆಯಾಗಿಯೇ ಇರುವ ಗಿಡ, ಇಲ್ಲಿ ಮರವಾಗಿ ಬೆಳೆದಿದೆ. ತಂದು ನೆಟ್ಟದ್ದಲ್ಲ, ಸನ್ಯಾಸಿಗಳಿಗೂ ಮೊದಲಿನದು. ಜನ ಅದನ್ನು ಗಮನಿಸದೆ ದಾಟಿಬಿಡುತ್ತಾರೆ, ಅದು ನನಗೆ ಬೇಜಾರು.

2013ರ ಜನವರಿಯ ಬಿರುಗಾಳಿಗೆ ಇಲ್ಲಿ ತುಂಬಾ ಮರ ಉರುಳಿದವು. ಆ ಬಯಲಾದ ಜಾಗಗಳಲ್ಲಿ ಹೊಸ ಸಸಿ ನೆಟ್ಟಿದ್ದಾರೆ. ಹಾದಿ ಬಿಟ್ಟು ಒಳಗೆ ಕಾಲಿಡಬೇಡಿ. ಗಾಳಿ ಜೋರಾದ ದಿನ, ಕಾಡ್ಗಿಚ್ಚಿನ ಅಪಾಯ ಇರುವ ದಿನ ಕಾಡು ಮುಚ್ಚಬಹುದು. ಹಿಂದಿನ ದಿನ ಹೋಟೆಲಿನವರ ಹತ್ತಿರ ವಿಚಾರಿಸಿ. ತುರ್ತು ಸಂಖ್ಯೆ 112.

ಪೋರ್ಟೊದಲ್ಲಿ ಕೆಲಸ ಮಾಡುವವರು

ಊಟದ ವಿಷಯ. ಪಕ್ಕದ ಮಿಯಲ್ಯಾಡಾ ಊರು ಹಂದಿಮರಿ ಸುಟ್ಟ ಅಡುಗೆಗೆ ದೇಶಕ್ಕೇ ಹೆಸರುವಾಸಿ. ರಸ್ತೆಯುದ್ದಕ್ಕೂ ಅದೇ ಹೋಟೆಲುಗಳು. ಹಾಗಾಗಿ ಊಟಕ್ಕೆ ಅಲ್ಲಿ ಇಳಿಯಬೇಡಿ, ಅಮ್ಮನಿಗೆ ಕಸಿವಿಸಿ ಆಗಬಹುದು. ಲೂಸೋದಲ್ಲಿ ತರಕಾರಿ ಸೂಪು, ಬ್ರೆಡ್ಡು, ಚೀಸು, ಸಲಾಡು, ಅನ್ನ ಸಿಗುತ್ತದೆ. ಕಾಲ್ದು ವೆರ್ದ್ ಎಂಬ ಆಲೂಗಡ್ಡೆ, ಸೊಪ್ಪಿನ ಸೂಪಿಗೆ ಮಾಂಸದ ಚೂರು ಹಾಕುವುದು ರೂಢಿ. "ಸೇಂ ಕಾರ್ನ್, ಸೇಂ ಪೈಶ್" ಎಂದು ಹೇಳಿ, ಮಾಂಸ ಬೇಡ, ಮೀನು ಬೇಡ ಅಂತ ಅರ್ಥ. ಆದರೂ ಸೂಪಿನ ನೀರು ಯಾವುದರದ್ದು ಅಂತ ಕೇಳಿ. ಕಾಡಿನೊಳಗೆ ಊಟಕ್ಕೆ ಆಯ್ಕೆ ಕಮ್ಮಿ, ಬುತ್ತಿ ಕಟ್ಟಿಕೊಂಡು ಹೋಗಿ.

ರೈಲು: ಲಿಸ್ಬನ್, ಪೋರ್ಟೊ ಎರಡೂ ಕಡೆಯಿಂದ ಕೋಯಿಂಬ್ರಾ ಬಿ ನಿಲ್ದಾಣಕ್ಕೆ ಬೇಕಾದಷ್ಟಿವೆ. ಲೂಸೋ ಮೂಲಕ ಹೋಗುವ ಬೆಯ್ರಾ ಆಲ್ತ ಹಳಿಯನ್ನು 2022ರಲ್ಲಿ ರಿಪೇರಿಗೆಂದು ಮುಚ್ಚಿದ್ದರು, ಕೆಲಸ ವರ್ಷಗಟ್ಟಲೆ ನಡೆಯಿತು. ಹೊರಡುವ ಮೊದಲು ಈಗಿನ ವೇಳಾಪಟ್ಟಿ ನೋಡಿ. ಲಗೇಜು, ಅಮ್ಮ ಎರಡೂ ಇರುವಾಗ ಕೋಯಿಂಬ್ರಾದಿಂದ ಟ್ಯಾಕ್ಸಿಯೇ ನೆಮ್ಮದಿ.

ಕೇಳಿದವರು

ಎಲ್ಲರಿಗೂ ತುಂಬಾ ಧನ್ಯವಾದ. ವೆಲ್ಲೆಸ್ಲಿ ಕಥೆ ಅಮ್ಮನಿಗೆ ಓದಿ ಹೇಳಿದೆ. ಅವರ ತವರು ಪಾಂಡವಪುರ, ಈಗ ಅವರಿಗೇ ನನಗಿಂತ ಉತ್ಸಾಹ ಜಾಸ್ತಿ. ಲೂಸೋದಲ್ಲೇ ಉಳಿಯುತ್ತೇವೆ. ಒಂದು ಪ್ರಶ್ನೆ ಬಾಕಿ. ಅರಮನೆ ಈಗ ಹೋಟೆಲ್ ಅಂತೆ. ಅಲ್ಲಿ ತಂಗದವರು ಒಳಗೆ ನೋಡುವಂಥದ್ದು ಏನಾದರೂ ಇದೆಯಾ?

ಕೋಯಿಂಬ್ರಾದಲ್ಲಿ ಓದುತ್ತಿರುವವರು

ಹೊರಗಿನಿಂದಲೇ ಸಾಕಷ್ಟಿದೆ. ಇಟಲಿಯ ಲುಯಿಜಿ ಮನೀನಿ 1888ರಲ್ಲಿ ಶುರು ಮಾಡಿದ ಕಟ್ಟಡ, 1907ರ ಹೊತ್ತಿಗೆ ಮುಗಿಯಿತು. ರಾಜ ಮನೆತನಕ್ಕಾಗಿ ಕಟ್ಟಿದ್ದು. 1908ರಲ್ಲಿ ರಾಜ ಕಾರ್ಲೋಸ್ ಕೊಲೆಯಾದ, 1910ರ ಅಕ್ಟೋಬರ್‌ನಲ್ಲಿ ರಾಜಪ್ರಭುತ್ವವೇ ಹೋಯಿತು. ಕೊನೆಯ ರಾಜ ಮಾನುವೆಲ್ ಅದಕ್ಕೆ ಕೆಲವೇ ದಿನ ಮೊದಲು ಯುದ್ಧದ ಶತಮಾನೋತ್ಸವಕ್ಕೆ ಇಲ್ಲಿಗೆ ಬಂದಿದ್ದ. 1917ರಿಂದ ಹೋಟೆಲು. ಕಂಬಗಳ ಮೇಲೆ ಹಗ್ಗ, ಗಂಟು, ಭೂಗೋಳದ ಕೆತ್ತನೆ ಕಾಣುತ್ತದೆ. ವಾಸ್ಕೊ ಡ ಗಾಮ ಹೊರಟ ಕಾಲದ ಶೈಲಿಯನ್ನು ನಾನೂರು ವರ್ಷದ ನಂತರ ಮತ್ತೆ ಬಳಸಿದ್ದು ಇದು. ಮೊಗಸಾಲೆಯ ನೀಲಿ ಹಂಚಿನ ಚಿತ್ರಗಳು ಜೋರ್ಜ್ ಕೊಲಾಸೊ ಅವರವು. ಗಾಮನ ಸಮುದ್ರಯಾನದ ಮೇಲೆ ಕಮೊಯಿಂಶ್ ಬರೆದ ಮಹಾಕಾವ್ಯದ ದೃಶ್ಯಗಳೂ ಅಲ್ಲಿವೆ, ಬುಸಾಕೊ ಯುದ್ಧದ ಚಿತ್ರವೂ ಇದೆ. ಒಳಗಿನ ಮೆಟ್ಟಿಲು, ಸಭಾಂಗಣ ನೋಡಬೇಕಾದರೆ ಸ್ವಾಗತದ ಮೇಜಿನಲ್ಲಿ ಕೇಳಿ.

ಲಂಡನ್‌ನಿಂದ

ಇನ್ನೊಂದು ಮಾತು. ಲಿಸ್ಬನ್ ಕಡೆ ವಾಪಸ್ ಹೋಗುವಾಗ ಸಮಯ ಇದ್ದರೆ ಕಾಲ್ದಶ್ ದ ರೈನ್ಯ ಊರಿನಲ್ಲಿ ಇಳಿಯಿರಿ. ಅದೂ ಚಿಲುಮೆ ನೀರಿನ ಊರೇ. ರಾಣಿ ಲಿಯೊನೊರ್ 1485ರಲ್ಲಿ ಅಲ್ಲಿ ಆಸ್ಪತ್ರೆ ಶುರು ಮಾಡಿದಳು. ಬುಸಾಕೊದ ಶಿಲುಬೆಯ ಹಾದಿಗೆಂದು ಕಲಾವಿದ ಬೊರ್ದಾಲು ಪಿನ್ಯೆಯ್ರು ಮಾಡಿದ ಮಣ್ಣಿನ ಮೂರ್ತಿಗಳು ಬುಸಾಕೊ ಗುಡಿಗಳನ್ನು ಸೇರಲೇ ಇಲ್ಲ. ಅವು ಈಗ ಕಾಲ್ದಶ್‌ನ ಮಲ್ಯೋವ ವಸ್ತುಸಂಗ್ರಹಾಲಯದಲ್ಲಿವೆ. ಕಾಡಿನ ಗುಡಿಗಳಲ್ಲಿ ನೀವು ನೋಡುವುದು ಆಮೇಲೆ ಬೇರೆಯವರು ಮಾಡಿದ್ದು. ಮೊದಲು ಬೆಟ್ಟ, ಆಮೇಲೆ ಈ ಸಂಗ್ರಹಾಲಯ, ಈ ಕ್ರಮದಲ್ಲಿ ನೋಡಿ. ಮೂರ್ತಿಗಳ ಮುಖಗಳನ್ನು ಇಲ್ಲಿ ಬೆಳಕಿನಲ್ಲಿ, ಹತ್ತಿರದಿಂದ ನೋಡಬಹುದು, ಅಮ್ಮನೂ ಹತ್ತುವ ಕಷ್ಟ ಇಲ್ಲದೆ ನೋಡುತ್ತಾರೆ. ವಸ್ತುಸಂಗ್ರಹಾಲಯಗಳಿಗೆ ಅಲ್ಲಿ ಸೋಮವಾರ ರಜೆ ಇರುವುದು ಸಾಮಾನ್ಯ, ಆ ದಿನ ಬಿಟ್ಟು ಇಟ್ಟುಕೊಳ್ಳಿ.