ಮಂಡಿಯ ಶಸ್ತ್ರಚಿಕಿತ್ಸೆಯಾಗಿ 5 ತಿಂಗಳಾಗಿದೆ, ನೋವಿಲ್ಲ. ಮಗಳು ಈಗಲೇ ಅಂಗಳಕ್ಕಿಳಿಯಬಹುದೇ? ಅನುಭವವಿದ್ದವರು ತಿಳಿಸಿ

ಕೇಳಿದವರು: ವಾಲಿಬಾಲ್ ಆಟಗಾರ್ತಿಯ ತಾಯಿ

ನನ್ನ ಮಗಳಿಗೆ 19 ವರ್ಷ, ವಾಲಿಬಾಲ್ ಆಡುತ್ತಾಳೆ. ಸ್ಮ್ಯಾಶ್ ಹೊಡೆದು ಒಂಟಿಗಾಲಿನ ಮೇಲೆ ಇಳಿಯುವಾಗ ಮಂಡಿ ಒಳಕ್ಕೆ ತಿರುಚಿ ಎಸಿಎಲ್ ಲಿಗಮೆಂಟ್ (ಮಂಡಿಯೊಳಗೆ ತೊಡೆಯ ಮೂಳೆಯನ್ನು ಕೆಳಗಾಲಿನ ಮೂಳೆಗೆ ಬಿಗಿದಿಡುವ ನಾರಿನ ಪಟ್ಟಿ) ಪೂರ್ತಿ ಹರಿಯಿತು. ಶಸ್ತ್ರಚಿಕಿತ್ಸೆಯಾಗಿ ಈಗ 5 ತಿಂಗಳು. ಊತವಿಲ್ಲ, ನೋವಿಲ್ಲ, ಮೆಟ್ಟಿಲು ಹತ್ತಿ ಇಳಿಯುತ್ತಾಳೆ, ನೇರ ದಾರಿಯಲ್ಲಿ ನಿಧಾನವಾಗಿ ಓಡುತ್ತಾಳೆ. ಮುಂದಿನ ತಿಂಗಳ ಪಂದ್ಯಾವಳಿಗೆ ತಂಡದವರು ಕರೆಯುತ್ತಿದ್ದಾರೆ. ಆದರೆ ಫಿಸಿಯೋಥೆರಪಿಸ್ಟ್ ಇನ್ನೂ ಕನಿಷ್ಠ 4 ತಿಂಗಳು ಬೇಕು, ಆಮೇಲೂ ಪರೀಕ್ಷೆ ಮಾಡಿಯೇ ನಿರ್ಧರಿಸಬೇಕು ಎನ್ನುತ್ತಾರೆ. ನೋವೇ ಇಲ್ಲದ ಮೇಲೆ ಇಷ್ಟು ತಿಂಗಳು ಫಿಸಿಯೋಥೆರಪಿಯಿಂದ ಆಗುವುದಾದರೂ ಏನು ಎಂದು ಮಗಳು ಕೇಳುತ್ತಾಳೆ. ಉತ್ತರಿಸಲು ನನಗೂ ತಿಳಿಯುತ್ತಿಲ್ಲ. ಇಂಥ ಗಾಯದಿಂದ ಹೊರಬಂದವರು ತಮ್ಮ ಅನುಭವವನ್ನು ತಿಳಿಸಿದರೆ ಉಪಕಾರವಾಗುತ್ತದೆ.

ಎರಡು ಬಾರಿ ಶಸ್ತ್ರಚಿಕಿತ್ಸೆಯಾದ ಫುಟ್‌ಬಾಲ್ ಆಟಗಾರ

ಅಮ್ಮಾ, ನಿಮ್ಮ ಮಗಳು ಇಂದು ನಿಂತಿರುವ ಜಾಗದಲ್ಲಿಯೇ ನಾನೂ ನಿಂತಿದ್ದೆ, ತಪ್ಪು ದಾರಿಯನ್ನು ಹಿಡಿದೆ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಮೊದಲ ಬಾರಿ ಲಿಗಮೆಂಟ್ ಹರಿದು ಶಸ್ತ್ರಚಿಕಿತ್ಸೆಯಾದಾಗ ನಾನು ಫಿಸಿಯೋಥೆರಪಿ ಎಂದರೆ ಶಾಖ ಕೊಡುವುದು, ಯಂತ್ರ ಹಚ್ಚುವುದು, ಕಾಲು ನೀವುವುದು ಎಂದುಕೊಂಡಿದ್ದೆ. ಎರಡು ತಿಂಗಳು ಹೋಗಿ ಬಂದೆ, ಮಂಡಿ ಪೂರ್ತಿ ಮಡಚಲು ಬಂದ ಕೂಡಲೇ ನಿಲ್ಲಿಸಿಬಿಟ್ಟೆ. ಆರನೆಯ ತಿಂಗಳಲ್ಲಿ ಪಂದ್ಯಕ್ಕಿಳಿದೆ. ಮೂರನೆಯ ಪಂದ್ಯದಲ್ಲಿ, ಯಾರೂ ನನ್ನನ್ನು ಮುಟ್ಟದಿರುವಾಗಲೇ, ಓಡುತ್ತಿದ್ದವನು ತಟ್ಟನೆ ದಿಕ್ಕು ಬದಲಿಸಿದ ಕ್ಷಣದಲ್ಲಿ ಅದೇ ಮಂಡಿಯೊಳಗೆ ಅದೇ ಸದ್ದು ಕೇಳಿಸಿತು. ಹಿಂದಿನ ದಿನದವರೆಗೂ ನನಗೆ ಎಳ್ಳಷ್ಟೂ ನೋವಿರಲಿಲ್ಲ ಎಂಬುದನ್ನು ನಿಮ್ಮ ಮಗಳು ದಯವಿಟ್ಟು ಗಮನಿಸಬೇಕು.

ಎರಡನೆಯ ಶಸ್ತ್ರಚಿಕಿತ್ಸೆಯ ನಂತರ ಸಿಕ್ಕ ಫಿಸಿಯೋಥೆರಪಿಸ್ಟ್ ಮೊದಲ ದಿನವೇ ನನ್ನಿಂದ ಕೇಳಿದ್ದು ಒಂದೇ ಕೆಲಸ: ಮಂಡಿಯನ್ನು ಪೂರ್ತಿ ನೇರಮಾಡಿ ತೊಡೆಯ ಮುಂಭಾಗದ ಸ್ನಾಯುವನ್ನು ಬಿಗಿಹಿಡಿಯುವುದು. ನನ್ನಿಂದ ಅದು ಆಗಲಿಲ್ಲ. ಸ್ನಾಯು ಅಲ್ಲಿಯೇ ಇತ್ತು, ನಾನು ಮನಸ್ಸಿನಲ್ಲೇ ಅಪ್ಪಣೆ ಕೊಡುತ್ತಿದ್ದೆ, ಅದು ಕದಲುತ್ತಿರಲಿಲ್ಲ. ಮಂಡಿಯೊಳಗೆ ಊತ ಇರುವವರೆಗೆ ನರವ್ಯೂಹವೇ ಆ ಸ್ನಾಯುವನ್ನು ತಡೆಹಿಡಿಯುತ್ತದೆ ಎಂದೂ, ಊತ ಇಳಿಸುವುದು ಮತ್ತು ಕಾಲನ್ನು ಪೂರ್ತಿ ನೇರವಾಗಿಸುವುದು ಮೊದಲಾಗದಿದ್ದರೆ ಮುಂದಿನದೆಲ್ಲ ಕುಂಟುತ್ತಲೇ ಸಾಗುತ್ತದೆ ಎಂದೂ ಅವರು ವಿವರಿಸಿದರು. ಕೆಲವು ವಾರ ವಿದ್ಯುತ್ ಪ್ರಚೋದನೆಯ ನೆರವಿನಿಂದ ಅದನ್ನು ಎಚ್ಚರಿಸಬೇಕಾಯಿತು. ಆಮೇಲೆ ಎರಡು ಕಾಲಿನ ಸ್ಕ್ವಾಟ್ (ಬಸ್ಕಿಯಂತೆ ಕುಳಿತೇಳುವುದು), ಅದರ ನಂತರ ಒಂಟಿಗಾಲಿನದು, ಯಂತ್ರದ ತೂಕವನ್ನು ಕಾಲಿನಿಂದ ತಳ್ಳುವ ಲೆಗ್ ಪ್ರೆಸ್, ವಾರವಾರಕ್ಕೂ ಸ್ವಲ್ಪ ಹೆಚ್ಚು ತೂಕ. ಬೇಸರದ ಕೆಲಸ ಅದು. ನಾನು ಅದನ್ನು ಮರೆಮಾಚುವುದಿಲ್ಲ.

ಐದನೆಯ ತಿಂಗಳ ಕೊನೆಯಲ್ಲಿ ಯಂತ್ರದ ಮೇಲೆ ಕೂರಿಸಿ ಎರಡೂ ತೊಡೆಗಳ ಬಲವನ್ನು ಅಳೆದರು. ಗಾಯವಾದ ಕಾಲಿನ ಬಲ ಇನ್ನೊಂದರ ಶೇ 71 ಮಾತ್ರ ಇತ್ತು. ಆ ದಿನ ನಾನು ನೋವಿಲ್ಲದೆ ಓಡುತ್ತಿದ್ದೆ, ಮೆಟ್ಟಿಲನ್ನು ಎರಡೆರಡಾಗಿ ಹತ್ತುತ್ತಿದ್ದೆ, ಕನ್ನಡಿಯಲ್ಲಿ ನೋಡಿದರೂ ಎರಡು ಕಾಲುಗಳ ನಡುವೆ ಅಂಥ ವ್ಯತ್ಯಾಸ ಕಾಣುತ್ತಿರಲಿಲ್ಲ. ಮೊದಲ ಬಾರಿ ಅಳೆಯದೆ ಮೈದಾನಕ್ಕೆ ಹೋದಾಗ ನನ್ನ ಬಲ ಎಷ್ಟಿದ್ದಿರಬಹುದು ಎಂದು ಯೋಚಿಸಿ ಅಂದು ಮೈ ನಡುಗಿತು. ಹನ್ನೊಂದನೆಯ ತಿಂಗಳಲ್ಲಿ ಎಲ್ಲ ಪರೀಕ್ಷೆಗಳನ್ನೂ ದಾಟಿ ಆಟಕ್ಕೆ ಮರಳಿದೆ. ನಾಲ್ಕು ವರ್ಷವಾಯಿತು, ಇನ್ನೂ ಆಡುತ್ತಿದ್ದೇನೆ.

ಕ್ರೀಡಾ ಫಿಸಿಯೋಥೆರಪಿಸ್ಟ್

ಮೇಲಿನವರು ತಮ್ಮ ಅನುಭವದಿಂದ ಹೇಳಿದ್ದಕ್ಕೆ ಕಾರಣವನ್ನು ನನ್ನ ವೃತ್ತಿಯ ಕಡೆಯಿಂದ ಸೇರಿಸುತ್ತೇನೆ. ಎಸಿಎಲ್ ಶಸ್ತ್ರಚಿಕಿತ್ಸೆಯಲ್ಲಿ ಹರಿದ ಲಿಗಮೆಂಟಿನ ಬದಲಿಗೆ ಸಾಮಾನ್ಯವಾಗಿ ರೋಗಿಯದೇ ದೇಹದಿಂದ, ತೊಡೆಯ ಹಿಂಭಾಗದಿಂದಲೋ ಮಂಡಿಚಿಪ್ಪಿನ ಕೆಳಗಿನಿಂದಲೋ, ಟೆಂಡನ್ನಿನ (ಸ್ನಾಯುವನ್ನು ಮೂಳೆಗೆ ಬೆಸೆಯುವ ಗಟ್ಟಿ ನಾರಿನ) ಒಂದು ಪಟ್ಟಿಯನ್ನು ತೆಗೆದು ಕೂರಿಸುತ್ತಾರೆ. ಕೂರಿಸಿದ ದಿನ ಅದು ಗಟ್ಟಿಯಾಗಿಯೇ ಇರುತ್ತದೆ. ಆದರೆ ಅದಕ್ಕೆ ಹೊಸದಾಗಿ ರಕ್ತಸಂಚಾರ ಏರ್ಪಟ್ಟು, ಹಳೆಯ ಜೀವಕೋಶಗಳು ಸತ್ತು ಹೊಸವು ನೆಲೆಯೂರಿ, ಅದರ ನಾರುಗಳು ಲಿಗಮೆಂಟಿನ ನಾರುಗಳಂತೆ ಮರುಜೋಡಣೆಗೊಳ್ಳುವ ಮೊದಲ ಕೆಲವು ತಿಂಗಳಲ್ಲಿ ಅದು ಮೊದಲಿಗಿಂತ ದುರ್ಬಲವಾಗುತ್ತದೆ, ಮತ್ತು ಈ ಮಾರ್ಪಾಡು ಮುಗಿಯಲು ಒಂದು ವರ್ಷಕ್ಕೂ ಹೆಚ್ಚು ಕಾಲ ಬೇಕಾಗುತ್ತದೆ. ಈ ಕೆಲಸ ಒಳಗೆ ನಡೆಯುತ್ತಿರುವುದು ಆಟಗಾರನಿಗೆ ನೋವಿನ ಮೂಲಕ ತಿಳಿಯುವುದಿಲ್ಲ. ನೋವು ಹೋದದ್ದನ್ನು ಗುಣವಾದದ್ದಕ್ಕೆ ಪುರಾವೆ ಎಂದು ತಿಳಿಯುವುದರಿಂದಲೇ ಬಹಳ ಮಂದಿ ಎಡವುತ್ತಾರೆ.

ಕಳೆದ 5 ತಿಂಗಳಿಗೆ ನಿಮ್ಮ ಫಿಸಿಯೋಥೆರಪಿಸ್ಟ್ ಹೇಳಿದ 4 ಸೇರಿದರೆ 9 ತಿಂಗಳಾಗುತ್ತದೆ. ಈ 9 ತಿಂಗಳ ಮಾತು ಎಲ್ಲಿಂದ ಬಂತು ಎಂದರೆ, 2016ರಲ್ಲಿ ಪ್ರಕಟವಾದ ನಾರ್ವೆಯ ಒಂದು ಅಧ್ಯಯನದಲ್ಲಿ 106 ರೋಗಿಗಳನ್ನು ಗಮನಿಸಿದಾಗ, ನೆಗೆತ ಮತ್ತು ತಿರುವುಗಳಿರುವ ಆಟಗಳಿಗೆ ಮರಳುವುದನ್ನು ಒಂಬತ್ತನೆಯ ತಿಂಗಳವರೆಗೆ ಮುಂದೂಡಿದ ಪ್ರತಿ ತಿಂಗಳಿಗೂ ಮತ್ತೆ ಮಂಡಿಗೆ ಪೆಟ್ಟಾಗುವ ಪ್ರಮಾಣ ಸುಮಾರು ಅರ್ಧದಷ್ಟು ಇಳಿದಿತ್ತು. ತೊಡೆಯ ಬಲ ಎರಡೂ ಕಡೆ ಸಮನಾಗಿದ್ದಷ್ಟೂ ಅಪಾಯ ಕಡಿಮೆ ಎಂಬುದೂ ಅದೇ ಅಧ್ಯಯನದಲ್ಲಿ ಕಂಡಿತು. ಹಾಗೆಂದು 9 ತಿಂಗಳು ತುಂಬಿದ ದಿನವೇ ಬಾಗಿಲು ತಾನಾಗಿ ತೆರೆಯುವುದಿಲ್ಲ. ತೊಡೆಯ ಮುಂದಿನ ಮತ್ತು ಹಿಂದಿನ ಸ್ನಾಯುಗಳ ಬಲ ಇನ್ನೊಂದು ಕಾಲಿನ ಕನಿಷ್ಠ ಶೇ 90 ಇರಬೇಕು. ಒಂಟಿಗಾಲಿನಲ್ಲಿ ಒಮ್ಮೆ ನೆಗೆದ ದೂರ, ಸತತ ಮೂರು ಬಾರಿ ನೆಗೆದ ದೂರ, ಗೆರೆಯ ಆಚೆ ಈಚೆ ದಾಟುತ್ತ ನೆಗೆದ ದೂರ, 6 ಮೀಟರನ್ನು ಕುಪ್ಪಳಿಸಿ ಕ್ರಮಿಸಲು ಹಿಡಿದ ಸಮಯ, ಇವೆಲ್ಲವನ್ನೂ ಅಳೆದು ಹೋಲಿಸುತ್ತೇವೆ. ಇಲ್ಲಿ ಒಂದು ಎಚ್ಚರಿಕೆ ಬೇಕು: ತಿಂಗಳುಗಟ್ಟಲೆ ಆಡದೆ ಇದ್ದುದರಿಂದ ಒಳ್ಳೆಯ ಕಾಲೂ ಸೊರಗಿರುತ್ತದೆ, ಹಾಗಾಗಿ ಸೊರಗಿದ ಕಾಲಿಗೆ ಹೋಲಿಸಿ ಪಡೆದ ಶೇ 90 ಕೆಲವೊಮ್ಮೆ ಹುಸಿ ಸಮಾಧಾನ ಕೊಡುತ್ತದೆ.

ವಾಲಿಬಾಲ್ ಆಟಗಾರ್ತಿಯ ವಿಷಯದಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಸಮಯ ಕೊಡುವುದು ನೆಲಕ್ಕೆ ಇಳಿಯುವ ರೀತಿಗೆ. ಎಷ್ಟು ಎತ್ತರಕ್ಕೆ ನೆಗೆಯುತ್ತಾಳೆ ಎನ್ನುವುದಕ್ಕಿಂತ, ಇಳಿಯುವಾಗ ಸೊಂಟ ಮತ್ತು ಮಂಡಿ ಮೆತ್ತಗೆ ಮಡಚಿಕೊಳ್ಳುತ್ತವೆಯೇ, ಮಂಡಿ ಒಳಕ್ಕೆ ವಾಲುತ್ತದೆಯೇ, ಗಾಯವಾದ ಕಾಲನ್ನು ಅರಿವಿಲ್ಲದೆಯೇ ಉಳಿಸಿಕೊಂಡು ಭಾರವನ್ನೆಲ್ಲ ಇನ್ನೊಂದರ ಮೇಲೆ ಹಾಕುತ್ತಾಳೆಯೇ ಎಂಬುದನ್ನು ವಿಡಿಯೋ ಮಾಡಿ ಅವಳಿಗೇ ತೋರಿಸುತ್ತೇನೆ. ಶಾಂತವಾಗಿ ನಿಂತು ನೆಗೆದಾಗ ಸರಿಯಾಗಿ ಇಳಿಯುವವಳು, ಚೆಂಡಿನ ಮೇಲೆ ಕಣ್ಣಿಟ್ಟು, ದಣಿದು, ಪಕ್ಕದಲ್ಲಿ ಇನ್ನೊಬ್ಬಳು ನೆಗೆಯುತ್ತಿರುವಾಗಲೂ ಹಾಗೆಯೇ ಇಳಿಯುವಂತಾಗುವುದಕ್ಕೆ ತಿಂಗಳುಗಳು ಬೇಕು. ಶಾಖವೂ ಯಂತ್ರವೂ ಇದನ್ನು ಕಲಿಸಲಾರವು.

ಓಟಗಾರ್ತಿ, 200 ಮೀಟರ್

ನನ್ನ ಗಾಯ ಬೇರೆ, ಹ್ಯಾಮ್‌ಸ್ಟ್ರಿಂಗ್ (ತೊಡೆಯ ಹಿಂಭಾಗದ ಸ್ನಾಯು) ಹರಿದಿತ್ತು. ಪಾಠ ಮಾತ್ರ ಅದೇ. ಹತ್ತು ದಿನಕ್ಕೆ ನಡೆಯುವಾಗಿನ ನೋವು ಹೋಗಿತ್ತು, ಮೂರನೆಯ ವಾರ ಪೂರ್ಣ ವೇಗದಲ್ಲಿ ಓಡಿ ಮತ್ತೆ ಅದೇ ಜಾಗದಲ್ಲಿ ಹರಿದುಕೊಂಡೆ. ಹಿಂದೆ ಒಮ್ಮೆ ಹರಿದಿರುವುದೇ ಮತ್ತೆ ಹರಿಯುವುದಕ್ಕೆ ದೊಡ್ಡ ಕಾರಣ ಎಂದು ಆಮೇಲೆ ತಿಳಿಯಿತು. ಎರಡನೆಯ ಸಲ ಫಿಸಿಯೋಥೆರಪಿಸ್ಟ್ ವೇಗವನ್ನು ಹಂತಹಂತವಾಗಿ ಏರಿಸಿದರು, ಜೊತೆಗೆ ನಾರ್ಡಿಕ್ ವ್ಯಾಯಾಮವನ್ನು ಕಲಿಸಿದರು: ಮಂಡಿಯೂರಿ ಕುಳಿತು, ಹಿಂದಿನಿಂದ ಯಾರಾದರೂ ಪಾದವನ್ನು ಒತ್ತಿಹಿಡಿದಿರುವಾಗ, ದೇಹವನ್ನು ನೇರವಾಗಿಟ್ಟುಕೊಂಡು ಸಾಧ್ಯವಾದಷ್ಟು ನಿಧಾನವಾಗಿ ಮುಂದಕ್ಕೆ ಬಾಗುವುದು. ಇದನ್ನು ನಿಯಮಿತವಾಗಿ ಮಾಡುವ ತಂಡಗಳಲ್ಲಿ ಹ್ಯಾಮ್‌ಸ್ಟ್ರಿಂಗ್ ಗಾಯಗಳು ಸುಮಾರು ಅರ್ಧಕ್ಕೆ ಇಳಿಯುತ್ತವೆ ಎಂಬುದು ಹಲವು ಅಧ್ಯಯನಗಳಲ್ಲಿ ಕಂಡುಬಂದಿದೆ. ಗುಣವಾದ ಮೇಲೂ ನಾನು ಇದನ್ನು ಬಿಟ್ಟಿಲ್ಲ.

ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಉತ್ತರಗಳನ್ನು ಮಗಳಿಗೆ ಓದಿ ಹೇಳಿದೆ. ಶೇ 71ರ ಮಾತು ಅವಳನ್ನು ಮೌನವಾಗಿಸಿತು. ಇನ್ನೆರಡು ಸಂದೇಹಗಳಿವೆ. ತೂಕದ ವ್ಯಾಯಾಮ ಮಾಡಿದ ದಿನ ಸಂಜೆ ಮಂಡಿಯ ಮುಂಭಾಗದಲ್ಲಿ ಸ್ವಲ್ಪ ನೋಯುತ್ತದೆ, ಆಗ ನಿಲ್ಲಿಸಬೇಕೇ? ಪ್ರತಿ ಬಾರಿಯೂ ಐಸ್ ಇಡಬೇಕೇ?

ದೂರದ ಓಟಗಾರ, ಹಿಮ್ಮಡಿಯ ಟೆಂಡನ್ ತೊಂದರೆಯಿಂದ ಹೊರಬಂದವರು

ನೋವಿನ ಬಗ್ಗೆ ನನಗೆ ಕಲಿಸಿದ ವಿಧಾನವನ್ನು ಹೇಳುತ್ತೇನೆ, ನಿಮ್ಮ ಫಿಸಿಯೋಥೆರಪಿಸ್ಟ್ ಒಪ್ಪಿದರೆ ಅನುಸರಿಸಿ. ಹಿಮ್ಮಡಿಯ ಮೇಲಿನ ಟೆಂಡನ್ ನೋಯತೊಡಗಿದಾಗ ನಾನು ಎರಡು ತಿಂಗಳು ಪೂರ್ತಿ ವಿಶ್ರಾಂತಿ ತೆಗೆದುಕೊಂಡೆ. ನೋವು ಹೋಯಿತು, ಓಡಿದ ಮೊದಲ ವಾರವೇ ಮರಳಿತು, ಏಕೆಂದರೆ ವಿಶ್ರಾಂತಿಯಲ್ಲಿ ಟೆಂಡನ್ ಇನ್ನಷ್ಟು ಸೋತಿತ್ತು. ಆಮೇಲೆ ಮೆಟ್ಟಿಲಿನ ಅಂಚಿನಲ್ಲಿ ನಿಂತು ಹಿಮ್ಮಡಿಯನ್ನು ನಿಧಾನವಾಗಿ ಕೆಳಗಿಳಿಸುವ ವ್ಯಾಯಾಮವನ್ನು ಕೊಟ್ಟರು. 1998ರಲ್ಲಿ ಸ್ವೀಡನ್ನಿನ ವೈದ್ಯ ಹೋಕನ್ ಆಲ್‌ಫ್ರೆಡ್‌ಸನ್ ಮತ್ತು ಸಂಗಡಿಗರು ಪ್ರಕಟಿಸಿದ ಕ್ರಮ ಅದು: ಮಂಡಿಯನ್ನು ನೇರವಾಗಿಟ್ಟು 15ರಂತೆ ಮೂರು ಸುತ್ತು, ಮಡಚಿ ಮೂರು ಸುತ್ತು, ದಿನಕ್ಕೆ ಎರಡು ಬಾರಿ, 12 ವಾರ. ದಿನಕ್ಕೆ 180 ಬಾರಿ ಆಯಿತು. ನೋವು 0ಯಿಂದ 10ರ ಅಳತೆಯಲ್ಲಿ 5ನ್ನು ಮೀರಬಾರದು, ಮರುದಿನ ಬೆಳಿಗ್ಗೆ ಎದ್ದಾಗ ಹಿಂದಿನ ದಿನಕ್ಕಿಂತ ಹೆಚ್ಚಿರಬಾರದು, ವಾರದಿಂದ ವಾರಕ್ಕೆ ಏರುತ್ತ ಹೋಗಬಾರದು ಎಂದು ನನಗೆ ಹೇಳಿದ್ದರು. ನಾನು ಪ್ರತಿ ದಿನದ ಅಂಕಿಯನ್ನು ಬರೆದಿಡುತ್ತಿದ್ದೆ. ಆ ಪುಸ್ತಕವನ್ನು ನೋಡಿಯೇ ಮುಂದಿನ ವಾರದ ಭಾರವನ್ನು ನಿರ್ಧರಿಸುತ್ತಿದ್ದರು.

ಕ್ರೀಡಾ ಫಿಸಿಯೋಥೆರಪಿಸ್ಟ್

ಓಟಗಾರರ ಅಳತೆ ಟೆಂಡನ್ನಿಗೆ ಸರಿಯಾಗಿದೆ. ಶಸ್ತ್ರಚಿಕಿತ್ಸೆಯಾದ ಮಂಡಿಗೆ ನಾನು ಇನ್ನಷ್ಟು ಬಿಗಿಯಾಗಿರುತ್ತೇನೆ. ಅಲ್ಲಿ ನೋವಿಗಿಂತ ಊತವೇ ಹೆಚ್ಚು ನಂಬಿಕೆಯ ಗುರುತು. ವ್ಯಾಯಾಮದ ಮರುದಿನ ಮಂಡಿ ಊದಿಕೊಂಡಿದ್ದರೆ ಭಾರ ಹೆಚ್ಚಾಯಿತು ಎಂದರ್ಥ. ಭಾರವನ್ನು ತಗ್ಗಿಸಬೇಕು, ಪೂರ್ತಿ ನಿಲ್ಲಿಸಬೇಕಾಗಿಲ್ಲ. ಆದರೆ ಮೀನಖಂಡ ಊದಿ ಬಿಸಿಯಾಗಿ ನೋಯುತ್ತಿದ್ದರೆ, ಜ್ವರ ಬಂದರೆ, ಮಂಡಿ ಸಿಕ್ಕಿಕೊಂಡು ಬಿಡಿಸಿಕೊಳ್ಳದಿದ್ದರೆ ಅಥವಾ ಹಠಾತ್ತನೆ ಕುಸಿದಂತಾದರೆ, ಅದೇ ದಿನ ವೈದ್ಯರಲ್ಲಿಗೆ ಹೋಗಬೇಕು.

ಐಸ್ ನೋವನ್ನು ಮರಗಟ್ಟಿಸುತ್ತದೆ. ಅವಳಿಗೆ ಹಿತವೆನಿಸಿದರೆ ಬಟ್ಟೆಯಲ್ಲಿ ಸುತ್ತಿ ಸ್ವಲ್ಪ ಹೊತ್ತು ಇಡಲಿ, ಕಡ್ಡಾಯವೇನೂ ಅಲ್ಲ. ವಿಶ್ರಾಂತಿ, ಐಸ್, ಒತ್ತುಪಟ್ಟಿ, ಕಾಲು ಎತ್ತಿಡುವುದು ಎಂಬ ನಾಲ್ಕರ ಸೂತ್ರವನ್ನು 1978ರಲ್ಲಿ ಜನಪ್ರಿಯಗೊಳಿಸಿದ ಅಮೆರಿಕದ ವೈದ್ಯ ಗೇಬ್ ಮಿರ್ಕಿನ್ ಅವರೇ ದಶಕಗಳ ನಂತರ, ಐಸ್ ಮತ್ತು ಪೂರ್ಣ ವಿಶ್ರಾಂತಿ ಗುಣವಾಗುವುದನ್ನು ತಡಮಾಡಬಹುದು ಎಂದು ತಮ್ಮ ಮಾತನ್ನು ತಿದ್ದಿಕೊಂಡರು. ತಾನು ಹೇಳಿದ್ದನ್ನು ಹೀಗೆ ಬಹಿರಂಗವಾಗಿ ತಿದ್ದಿಕೊಂಡ ಅವರ ಬಗ್ಗೆ ನನಗೆ ಗೌರವವಿದೆ.

ಅಥ್ಲೆಟಿಕ್ಸ್ ತರಬೇತುದಾರರು

ತಂಡದವರು ಕರೆಯುತ್ತಿರುವ ವಿಷಯಕ್ಕೆ ಮಾತ್ರ ನಾನು ಉತ್ತರಿಸುತ್ತೇನೆ. ಜಾವೆಲಿನ್ ಎಸೆತಗಾರ ನೀರಜ್ ಚೋಪ್ರಾ ಅವರಿಗೆ 2019ರ ಮೇ ತಿಂಗಳಲ್ಲಿ ಮೊಣಕೈ ಶಸ್ತ್ರಚಿಕಿತ್ಸೆಯಾಯಿತು. ಆ ವರ್ಷದ ವಿಶ್ವ ಚಾಂಪಿಯನ್‌ಶಿಪ್ಪನ್ನೇ ಅವರು ಬಿಟ್ಟುಕೊಡಬೇಕಾಯಿತು. 2020ರ ಜನವರಿಯಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಮರಳಿ ಸ್ಪರ್ಧಿಸಿದಾಗ 87.86 ಮೀಟರ್ ಎಸೆದು ಒಲಿಂಪಿಕ್ಸ್ ಅರ್ಹತೆ ಪಡೆದರು, 2021ರಲ್ಲಿ ಟೋಕಿಯೋದಲ್ಲಿ ಚಿನ್ನ ಗೆದ್ದರು. ಗಾಯ ಬೇರೆ, ಆಟ ಬೇರೆ ಎಂಬುದು ನನಗೆ ಗೊತ್ತಿದೆ. ಒಂದು ಪಂದ್ಯಾವಳಿ ತಪ್ಪಿದರೆ ಆಟವೇ ತಪ್ಪಿಹೋಗುವುದಿಲ್ಲ ಎಂದು ನಿಮ್ಮ ಮಗಳಿಗೆ ತೋರಿಸಲು ಇದನ್ನು ಹೇಳಿದೆ.

ತಂಡದಿಂದ ಅವಳನ್ನು ದೂರವಿಡುವುದೂ ಸರಿಯಲ್ಲ, ಏಕೆಂದರೆ ತಿಂಗಳುಗಟ್ಟಲೆ ಒಬ್ಬಳೇ ವ್ಯಾಯಾಮ ಮಾಡುವ ಹುಡುಗಿ ಮನಸ್ಸಿನಲ್ಲಿ ಸೋಲುತ್ತಾಳೆ, ಮತ್ತು ಭಯ ಉಳಿದ ಮನಸ್ಸಿನಿಂದ ನೆಗೆದವಳು ಚೆನ್ನಾಗಿ ಇಳಿಯುವುದಿಲ್ಲ. ಫಿಸಿಯೋಥೆರಪಿಸ್ಟರೊಂದಿಗೆ ತರಬೇತುದಾರರನ್ನು ಒಮ್ಮೆ ಕೂರಿಸಿ ಮಾತನಾಡಿಸಿ. ಈಗ ಫಿಸಿಯೋಥೆರಪಿಸ್ಟ್ ಒಪ್ಪಿದರೆ ನಿಂತಲ್ಲಿಂದಲೇ ಸರ್ವ್ ಮಾಡಬಹುದು, ಗೋಡೆಗೆ ಚೆಂಡು ಹಾಕಿ ಕೈಯ ಅಭ್ಯಾಸ ಉಳಿಸಿಕೊಳ್ಳಬಹುದು. ಪರೀಕ್ಷೆ ದಾಟಿದ ಮೇಲೂ ಮೊದಲು ಎದುರಾಳಿಯಿಲ್ಲದ ಅಭ್ಯಾಸ, ನಂತರ ಎಣಿಸಿಟ್ಟ ನೆಗೆತಗಳೊಂದಿಗೆ ತಂಡದ ಅಭ್ಯಾಸ, ಆಮೇಲೆ ಪಂದ್ಯದಲ್ಲಿ ಒಂದು ಸೆಟ್. ನನ್ನಲ್ಲಿಗೆ ಮರಳಿದ ಉದ್ದಜಿಗಿತದ ಹುಡುಗಿಯೊಬ್ಬಳಿಗೆ ಮೊದಲ ವಾರ ದಿನಕ್ಕೆ 12 ನೆಗೆತ ಮಾತ್ರ ಎಂದು ಬರೆದುಕೊಟ್ಟಿದ್ದೆ. ಹದಿಮೂರನೆಯದಕ್ಕೆ ಅವಳು ಎಷ್ಟು ಬೇಡಿಕೊಂಡರೂ ನಾನು ಒಪ್ಪಲಿಲ್ಲ, ಮರಳುಗುಂಡಿಯ ಪಕ್ಕದಲ್ಲಿ ಕೂರಿಸಿ ಉಳಿದವರ ನೆಗೆತದ ದೂರವನ್ನು ಅವಳಿಂದಲೇ ಅಳೆಸಿದೆ.