‘ಹೆವಿ ಡ್ಯೂಟಿ ಕೇಬಲ್’: ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಗದಗ, ಹಾವೇರಿ ಕಡೆಯ ಕಲ್ಲುಗಣಿ ಮತ್ತು ಖಡಿ ಮಷೀನುಗಳಲ್ಲಿ ಕೆಲಸಕ್ಕೆ ಸೇರುವ ಐಟಿಐ ಹುಡುಗರಿಗಾಗಿ ಕೇಬಲ್ ಆರಿಸುವ ಬಗ್ಗೆ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. (ಬೆಂಗಳೂರು ಕಡೆಯವರಿಗೆ: ಖಡಿ ಅಂದರೆ ನಿಮ್ಮ ಜಲ್ಲಿ.) ‘ಹೆವಿ ಡ್ಯೂಟಿ’ ಅನ್ನೋದಕ್ಕೆ ಏನು ಬರೆಯಲಿ ಅನ್ನುವುದೇ ದೊಡ್ಡ ತಲೆನೋವಾಗಿದೆ.

‘ಭಾರೀ ಕರ್ತವ್ಯದ ಕೇಬಲ್’ ಅಂತ ಬರೆದರೆ ಕೇಬಲ್ ಗಣೇಶ ಚವತಿ ಬಂದೋಬಸ್ತಿಗೆ ಹೊರಟಂತಿರುತ್ತದೆ. ‘ದಪ್ಪ ಕೇಬಲ್’ ಅಂದರೆ ಅರ್ಧ ಮಾತ್ರ ಸರಿ. ‘ಗಟ್ಟಿ ಕೇಬಲ್’ ಕೇಳೋಕೆ ಚೆನ್ನಾಗಿದೆ. ಆದರೆ ನನಗೆ ಜಾಸ್ತಿ ಭಯ ಇರೋದು ಅದರ ಬಗ್ಗೆಯೇ.

ಯಾಕೆ ಅಂತ ಹೇಳುತ್ತೇನೆ. 1100 ವೋಲ್ಟ್‌ವರೆಗಿನ ಪಿವಿಸಿ ಕೇಬಲ್‌ಗಳಿಗೆ ಐಎಸ್ (ಇಂಡಿಯನ್ ಸ್ಟ್ಯಾಂಡರ್ಡ್) 1554 ಅನ್ನುವ ಮಾನಕ ಇದೆ. ಅದರ ಹೆಸರಿನಲ್ಲೇ ‘ಹೆವಿ ಡ್ಯೂಟಿ’ ಇದೆ. ಹುಬ್ಬಳ್ಳಿಯ ಅಂಗಡಿಗೆ ಹೋಗಿ ಹೆವಿ ಡ್ಯೂಟಿ ಕೊಡಿ ಅಂದರೆ, ಸಾಮಾನ್ಯವಾಗಿ ಮೈಮೇಲೆ ಉಕ್ಕಿನ ತಂತಿ ಅಥವಾ ಪಟ್ಟಿ ಸುತ್ತಿದ ಆರ್ಮರ್ಡ್ ಕೇಬಲ್ ಕೈಗೆ ಬರುತ್ತದೆ. ಮಾಲೇನೋ ಒಳ್ಳೆಯದೇ. ನೆಲದಲ್ಲಿ ಹೂತರೆ ವರ್ಷಗಟ್ಟಲೆ ಬಾಳುತ್ತದೆ. ಆದರೆ ಅದು ಹಾಕಿದ ಜಾಗದಲ್ಲೇ ಇರಬೇಕಾದ ಕೇಬಲ್. ಅದನ್ನೇ ಗಣಿಯೊಳಗೆ ಅತ್ತಿತ್ತ ಸಾಗುವ ಡ್ರಿಲ್ಲಿಗೋ ಪಂಪಿಗೋ ಕಟ್ಟಿ ದಿನಾ ಎಳೆದು, ಬಗ್ಗಿಸಿದರೆ ಆರ್ಮರ್ ಬಿಚ್ಚಿಕೊಂಡು ಒಳಗಿನ ಇನ್ಸುಲೇಷನ್ನಿಗೇ ಚುಚ್ಚುತ್ತದೆ. ಅಂಥ ಯಂತ್ರಕ್ಕೆ ಬೇಕಾದದ್ದು ಸಣ್ಣ ಸಣ್ಣ ತಾಮ್ರದ ಎಳೆಗಳು ತುಂಬಿದ, ರಬ್ಬರ್ ಮೈಯ, ಬಳುಕುವ ಕೇಬಲ್. ಗಣಿಗಳ ಬಳುಕುವ ಕೇಬಲ್‌ಗೆ ಐಎಸ್ 14494 ಅಂತ ಬೇರೆ ಮಾನಕವೇ ಇದೆ. ಈಗ ಹೇಳಿ, ‘ಗಣಿಗೆ ಗಟ್ಟಿ ಕೇಬಲ್ ಬಳಸಿ’ ಅಂತ ಬರೆದರೆ ಹುಡುಗ ಯಾವುದನ್ನು ತರುತ್ತಾನೆ?

ಅದಕ್ಕೇ ಹೆಸರು ನೋಡಿದ ಕೂಡಲೇ ಅದು ಕೂರುವ ಕೇಬಲ್ಲೋ ಓಡಾಡುವ ಕೇಬಲ್ಲೋ ತಿಳಿಯಬೇಕು ಅನ್ನುವುದು ನನ್ನ ವಾದ. ಮೊದಲನೆಯದಕ್ಕೆ ‘ನೆಲೆ ಕೇಬಲ್’ ಅಂದುಕೊಂಡಿದ್ದೇನೆ. ಎರಡನೆಯದಕ್ಕೆ, ಅಂದರೆ ಯಂತ್ರದ ಜೊತೆ ಎಳೆದಾಡುವ ಟ್ರೇಲಿಂಗ್ ಕೇಬಲ್‌ಗೆ ‘ಎಳೆ ಕೇಬಲ್’ ಅನ್ನೋಣ ಅಂದರೆ, ಎಳೆ ಅಂದರೆ ತಂತಿಯ ಎಳೆಯೂ ಹೌದಲ್ವಾ? ಗೊಂದಲ. ‘ಎಳೆದಾಟದ ಕೇಬಲ್’ ಉದ್ದವಾಯಿತು, ಆದರೆ ತಪ್ಪು ಮಾಡಿಸುವುದಿಲ್ಲ.

‘ಎಂಎಂ’ದೂ ಒಂದು ಕಥೆ. ‘ಎಷ್ಟು ಎಂಎಂದು ಬೇಕ್ರೀ?’ ಅಂತ ಅಂಗಡಿಯವರು ಕೇಳುವುದು ಚದರ ಮಿಲಿಮೀಟರನ್ನು, ಅಂದರೆ ತಾಮ್ರದ ಅಡ್ಡಕೊಯ್ತದ ವಿಸ್ತೀರ್ಣವನ್ನು. ಹೊಸಬರು ಸುಮ್ನೆ ದಪ್ಪ ಅಳೆಯುತ್ತಾರೆ. ಇದನ್ನು ಲೆಕ್ಕದಲ್ಲೇ ತೋರಿಸಬೇಕು. 75 ಕಿಲೋವ್ಯಾಟಿನ ಕ್ರಷರ್ ಮೋಟಾರು 415 ವೋಲ್ಟಿನಲ್ಲಿ ಪೂರ್ತಿ ಲೋಡಿಗೆ ಸುಮಾರು 130 ಆಂಪಿಯರ್ ಎಳೆಯುತ್ತದೆ. ಟ್ರಾನ್ಸ್‌ಫಾರ್ಮರ್ 200 ಮೀಟರ್ ದೂರ ಇದ್ದರೆ, 35 ಚದರ ಮಿಲಿಮೀಟರಿನ ತಾಮ್ರದ ಕೇಬಲ್ಲಿನಲ್ಲಿ ಹತ್ತಿರ ಹತ್ತಿರ 25 ವೋಲ್ಟ್ ದಾರಿಯಲ್ಲೇ ಹೋಗುತ್ತದೆ. 70ರದ್ದು ಹಾಕಿದರೆ ಸುಮಾರು 12. ಮೋಟಾರನ್ನು ನೇರವಾಗಿ ಚಾಲೂ ಮಾಡಿದರೆ ಆ ಹೊತ್ತಿಗೆ ಆರೇಳು ಪಟ್ಟು ಕರೆಂಟ್ ಬೇಕು. ಆಗ 35ರ ಕೇಬಲ್ಲಿನ ಗತಿ ನೀವೇ ಊಹಿಸಿ. ಇದಕ್ಕೆ ‘ವೋಲ್ಟೇಜ್ ಇಳಿತ’ ಅಂತಲೇ ಬರೆದಿದ್ದೇನೆ. ‘ಕುಸಿತ’ ಅಂದರೆ ಲೈನೇ ಕೈಕೊಟ್ಟಿತು ಅಂದುಕೊಳ್ಳುತ್ತಾರೆ.

‘ಮೂರೂವರೆ ಕೋರ್’ ಅನ್ನುವುದನ್ನು ಬದಲಿಸುವುದಿಲ್ಲ. ಕೋರ್ ಅಂದರೆ ಕೇಬಲ್ಲಿನೊಳಗಿನ ಒಂದೊಂದು ತಂತಿ. ಆ ಅರ್ಧ ಅಂದರೆ ಸಣ್ಣ ಗಾತ್ರದ ನ್ಯೂಟ್ರಲ್, 70ರ ಕೇಬಲ್ಲಿನಲ್ಲಿ 35ರದ್ದು. ಎಲ್ಲರ ಬಾಯಲ್ಲೂ ಇರುವ ಮಾತು, ಇರಲಿ ಬಿಡಿ.

ಉಳಿದದ್ದು ಎರಡು. ಒಂದು, ಪೈಲಟ್ ಕೋರ್. ಟ್ರೇಲಿಂಗ್ ಕೇಬಲ್ಲಿನೊಳಗೆ ಓಡುವ ಈ ಸಣ್ಣ ತಂತಿಯಲ್ಲಿ ಪುಟ್ಟ ಕರೆಂಟ್ ಹರಿಯುತ್ತಿರುತ್ತದೆ. ಅದು ಕಡಿದರೆ ಅಥವಾ ಪ್ಲಗ್ ಕಿತ್ತರೆ ಸ್ವಿಚ್ ತಾನಾಗಿ ಆಫ್ ಆಗುತ್ತದೆ. ‘ಕಾವಲು ತಂತಿ’ ಹೇಗೆ? ಇನ್ನೊಂದು, ಡಿರೇಟಿಂಗ್. ಡ್ರಮ್ಮಿನ ಮೇಲೆ ಪದರ ಪದರವಾಗಿ ಸುತ್ತಿದ ಕೇಬಲ್ಲಿಗೆ ಬಿಸಿ ಬಿಡೋಕೆ ಜಾಗ ಸಾಲದು. ಹಾಗಾಗಿ ಅದು ಹೊರಬಹುದಾದ ಆಂಪಿಯರನ್ನು ತಗ್ಗಿಸಿ ಲೆಕ್ಕ ಹಾಕಬೇಕು. ಇದಕ್ಕೆ ನನಗೆ ಒಂದೂ ಹೊಂದುವ ಪದ ಸಿಕ್ಕಿಲ್ಲ.

ಹಟ್ಟಿ, ಸಂಡೂರು ಕಡೆ ಗಣಿಯಲ್ಲಿ ದುಡಿದವರು ಯಾರಾದರೂ ಇದ್ದರೆ, ಟ್ರೇಲಿಂಗ್ ಕೇಬಲ್‌ಗೆ ಅಲ್ಲಿನ ಕೆಲಸಗಾರರು ಏನನ್ನುತ್ತಾರೆ ಅಂತ ದಯವಿಟ್ಟು ತಿಳಿಸಿ. ಅಲ್ಲಿ ಬಳಕೆಯಲ್ಲಿರುವ ಮಾತು ಸಿಕ್ಕರೆ ನನ್ನ ‘ಎಳೆದಾಟ’ವನ್ನು ಖುಷಿಯಿಂದ ಕೈಬಿಡುತ್ತೇನೆ.